ಒಣಗಿಸದೆ ಹೋಗದು ಕಾರಿನ ಎಸಿ ಮುಗ್ಗಲು

ಮಳೆಗಾಲ ಶುರುವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಕರಾವಳಿ, ಮಲೆನಾಡಿನ ಬಹಳಷ್ಟು ಕಾರುಗಳಲ್ಲಿ ಒಂದೇ ದೂರು. ಬೆಳಿಗ್ಗೆ ಎಸಿ ಹಾಕಿದ ತಕ್ಷಣ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದೆ. ಒಂದೆರಡು ನಿಮಿಷದಲ್ಲಿ ಮಾಯವಾಗುತ್ತದೆ. ಸಂಜೆ ಎಸಿ ಆರಿಸಿ ಬರೀ ಗಾಳಿ ಬಿಟ್ಟರೆ ಮತ್ತೆ ಹಾಜರಾಗುತ್ತದೆ. ಬೆಂಗಳೂರು, ಮೈಸೂರಿನಲ್ಲೂ ಇದೇ ತೊಂದರೆ ಇದೆ, ತುಸು ಕಡಿಮೆ ಪ್ರಮಾಣದಲ್ಲಿ. ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ಇಡುವುದು. ಅದಕ್ಕೂ ಬಗ್ಗದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಎಸಿಗೆ ಔಷಧ ಹೊಡೆಸುತ್ತಾರೆ. ಸ್ವಲ್ಪ ದಿನ ಬಿಟ್ಟು ವಾಸನೆ ಮರಳಿದಾಗ ಔಷಧ ಸರಿಯಿಲ್ಲ ಎಂದುಕೊಂಡು ಬೇರೆ ಕಂಪನಿಯದ್ದನ್ನು ಹುಡುಕುತ್ತಾರೆ. ವಾಸನೆಯ ಬೆನ್ನು ಹತ್ತಿದಷ್ಟು ದಿನ ಅದು ಹೋಗುವುದಿಲ್ಲ ಎಂಬುದು ನನ್ನ ವಾದ. ಅದರ ಬೇರು ಇರುವುದು ನೀರಿನಲ್ಲಿ. ಎಸಿಯೊಳಗೆ ಹುಟ್ಟುವ ನೀರು ಹೊರಗೆ ಹರಿಯಬೇಕು, ಉಳಿದ ತೇವ ಒಣಗಬೇಕು. ಈ ಎರಡು ಆಗದಿದ್ದರೆ ಎಷ್ಟು ದುಬಾರಿ ಔಷಧವೂ ಕೆಲವು ವಾರಗಳ ಉಪಶಮನ ಮಾತ್ರ.

ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಿದೆ. ಅದರೊಳಗೆ ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎಂದು ಕರೆಯುವ ಭಾಗ ಕೂತಿರುತ್ತದೆ. ನಾವು ಉಸಿರಾಡುವ ತಂಪುಗಾಳಿಯೆಲ್ಲ ಇದರ ಮೂಲಕವೇ ಹಾದು ಬರಬೇಕು. ಗಾಳಿಗೆ ಹೆಚ್ಚು ಮೈ ತಾಗಲೆಂದು ಅಲ್ಯೂಮಿನಿಯಮ್ಮಿನ ತೆಳು ಪಟ್ಟಿಗಳನ್ನು ಮಡಚಿ ಮಡಚಿ, ಒಂದಕ್ಕೊಂದು ಒಂದೆರಡು ಮಿಲಿಮೀಟರ್ ಅಂತರದಲ್ಲಿ ಒತ್ತೊತ್ತಾಗಿ ಜೋಡಿಸಿರುತ್ತಾರೆ. ಕಂಪ್ರೆಸರ್ ಚಾಲೂ ಇದ್ದಾಗ ಈ ಪಟ್ಟಿಗಳು ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲಿನ ತಂಪಿಗೆ ಇಳಿಯುತ್ತವೆ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವಂತೆ ಇವೂ ಬೆವರುತ್ತವೆ. ಎಷ್ಟು ಬೆವರುತ್ತವೆ ಎಂಬ ಲೆಕ್ಕ ಇಲ್ಲಿ ಮುಖ್ಯ. 28 ಡಿಗ್ರಿ ಸೆಲ್ಸಿಯಸ್‌ನ, ಶೇ 90ರಷ್ಟು ತೇವಾಂಶವಿರುವ ಮಳೆಗಾಲದ ಕರಾವಳಿ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 10 ಡಿಗ್ರಿಗೆ ತಣ್ಣಗಾದರೆ 9 ಗ್ರಾಂ ಚಿಲ್ಲರೆಗಿಂತ ಹೆಚ್ಚು ಹಿಡಿದುಕೊಳ್ಳಲಾರದು. ಅಂದರೆ ಹೊರಗಿನಿಂದ ಎಳೆದ ಪ್ರತಿ ಘನ ಮೀಟರ್ ಗಾಳಿ ಹತ್ತಿರ ಹತ್ತಿರ 15 ಗ್ರಾಂ ನೀರನ್ನು ಕಾಯಿಲ್ ಮೇಲೆ ಬಿಟ್ಟು ಹೋಗುತ್ತದೆ. ಬ್ಲೋವರ್ ಒಂದು ಗಂಟೆಯಲ್ಲಿ ತಳ್ಳುವುದು ನೂರಾರು ಘನ ಮೀಟರ್. ಒಳಗಿನ ಗಾಳಿಯನ್ನೇ ಸುತ್ತಿಸಿದಾಗ ಈ ಪ್ರಮಾಣ ಬಹಳ ಇಳಿಯುತ್ತದೆ ನಿಜ. ಆದರೂ ಸುಮ್ಮನೆ ಕೂತ ಒಬ್ಬ ಮನುಷ್ಯನೇ ಉಸಿರು ಮತ್ತು ಮೈಯಿಂದ ಗಂಟೆಗೆ 40–50 ಗ್ರಾಂ ನೀರಾವಿ ಬಿಡುತ್ತಾನೆ. ನಾಲ್ವರು ಕೂತು, ಒದ್ದೆ ಕೊಡೆ ಹಿಂದಿನ ಸೀಟಿನ ಕೆಳಗೆ ಬಿದ್ದಿದ್ದರೆ ಕಾಯಿಲ್ ಒಣಗುವ ಮಾತೇ ಇಲ್ಲ.

ಇಷ್ಟು ನೀರಿನ ಜೊತೆಗೆ ಗಾಳಿಯಲ್ಲಿನ ಧೂಳು, ಪರಾಗ, ನಮ್ಮ ಬಟ್ಟೆಯ ನೂಲು, ಚರ್ಮದ ಹೊಟ್ಟು ಬಂದು ಅಂಟಿಕೊಳ್ಳುತ್ತವೆ. ಕತ್ತಲು, ತೇವ, ಆಹಾರ ಮೂರೂ ಒಂದೇ ಕಡೆ ಸಿಕ್ಕಿದ ಮೇಲೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯಲು ಇನ್ನೇನು ಬೇಕು? ಪಟ್ಟಿಗಳ ಮೇಲೆ ತೆಳ್ಳನೆಯ ಲೋಳೆ ಪದರ ಕಟ್ಟುತ್ತದೆ. ಮೂಗಿಗೆ ಬಡಿಯುವುದು ಆ ಪದರದ ಜೀವಿಗಳು ಬಿಡುವ ಅನಿಲಗಳು. ವಾಸನೆ ಬರುವ ಹೊತ್ತೇ ಇದಕ್ಕೆ ಸಾಕ್ಷಿ. ಕಾಯಿಲ್ ಒಣಗಿದ್ದು ಮತ್ತೆ ಒದ್ದೆಯಾಗತೊಡಗುವಾಗ, ಇಲ್ಲವೇ ಒದ್ದೆಯಾಗಿದ್ದು ಒಣಗತೊಡಗುವಾಗ ಈ ಅನಿಲಗಳು ಹೆಚ್ಚಾಗಿ ಹೊರಬೀಳುತ್ತವೆ. ಎಸಿ ಹಾಕಿದ ಮೊದಲ ನಿಮಿಷ, ಕಂಪ್ರೆಸರ್ ಕಡಿದು ನಿಂತ ಕ್ಷಣ, ಎಸಿ ಆರಿಸಿ ಬ್ಲೋವರ್ ಮಾತ್ರ ಬಿಟ್ಟ ಹೊತ್ತು, ಈ ಮೂರು ಸಮಯದಲ್ಲಿ ಮುಗ್ಗಲು ಜೋರಾಗಿದ್ದರೆ ಮೂಲ ಕಾಯಿಲ್‌ನಲ್ಲೇ ಇದೆ ಎಂದು ಬಹುತೇಕ ಹೇಳಬಹುದು. ಎಸಿ ಹಾಕದೆ, ಬಾಗಿಲು ತೆಗೆದ ಕೂಡಲೇ ಬಡಿದರೆ ಕಾರ್ಪೆಟ್ಟನ್ನು ಅನುಮಾನಿಸಬೇಕು. “ಎರಡು ನಿಮಿಷದಲ್ಲಿ ಹೋಗುತ್ತಲ್ಲ, ಬಿಡಿ” ಎನ್ನುವವರಿದ್ದಾರೆ. ಎರಡು ನಿಮಿಷದಲ್ಲಿ ಹೋಗುವುದು ವಾಸನೆ ಮಾತ್ರ. ಲೋಳೆ ಅಲ್ಲೇ ಇದೆ, ದಿನದಿನಕ್ಕೆ ದಪ್ಪವಾಗುತ್ತಿದೆ. ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವಿದೆ ಎಂದು ಹೆದರಿಸುವ ಅಗತ್ಯವಿಲ್ಲ. ಆದರೆ ಬೂಷ್ಟಿನ ಬೀಜಕಣ ಅಲರ್ಜಿಗೂ ಅಸ್ತಮಾ ಕೆರಳುವುದಕ್ಕೂ ಕಾರಣವೆಂಬುದು ಎಲ್ಲ ವೈದ್ಯರೂ ಬಲ್ಲ ವಿಷಯ. ಮನೆಯಲ್ಲಿ ಉಬ್ಬಸದವರೋ ಸಣ್ಣ ಮಕ್ಕಳೋ ಇದ್ದರೆ ಮುಂದಿನ ಸರ್ವಿಸಿನ ತನಕ ಕಾಯಬಾರದು.

ಕೆಲಸಕ್ಕೆ ಕೈಹಾಕುವ ಮುನ್ನ ಇದು ಮುಗ್ಗಲೇ ಹೌದೋ ಎಂದು ಖಚಿತಪಡಿಸಿಕೊಳ್ಳಿ. ಸಿಹಿ ಸಿಹಿ ವಾಸನೆ ಬಂದು, ಗಾಜಿನ ಒಳಮೈಯಲ್ಲಿ ಜಿಡ್ಡಿನ ಮಂಜು ಕಟ್ಟುತ್ತಿದ್ದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿರಬಹುದು. ಅದು ವಿಷ, ಜೊತೆಗೆ ಎಂಜಿನ್ ಬಿಸಿಯಾಗಿ ಕೈಕೊಡುವ ಅಪಾಯವೂ ಇದೆ. ಕೊಳೆತ ಮೊಟ್ಟೆಯ ನಾತ ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿಯದ್ದಾಗಿರಬಹುದು. ಪೆಟ್ರೋಲ್, ಸುಟ್ಟ ವೈರು ಅಥವಾ ಸೈಲೆನ್ಸರಿನ ಹೊಗೆ ವಾಸನೆ ಬಂದರೆ ಕಾರು ನಿಲ್ಲಿಸಿ ಇಳಿದು ಮೆಕ್ಯಾನಿಕ್‌ನನ್ನು ಕರೆಯುವುದೇ ಸರಿ.

ಇನ್ನು ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಎಡಗಡೆಯ ಗ್ಲೋವ್ ಬಾಕ್ಸ್‌ನ ಎರಡೂ ಬದಿ ಒತ್ತಿ ಕೆಳಗಿಳಿಸಿದರೆ ಅದರ ಹಿಂದೆ ಒಂದು ಅಡ್ಡ ಮುಚ್ಚಳ ಕಾಣುತ್ತದೆ. ಎಸಿ ಫಿಲ್ಟರ್ ಅಥವಾ ಕ್ಯಾಬಿನ್ ಫಿಲ್ಟರ್ ಇರುವುದು ಅಲ್ಲಿ. ಸ್ಕ್ರೂಡ್ರೈವರ್ ಕೂಡ ಬೇಕಾಗುವುದು ಅಪರೂಪ. ಹೊರತೆಗೆಯುವಾಗ ಬಾಣದ ಗುರುತು ಯಾವ ಕಡೆಗಿದೆ ಎಂದು ನೋಡಿಕೊಳ್ಳಿ, ಹೊಸದನ್ನು ಹಾಗೆಯೇ ಕೂರಿಸಬೇಕು. ಹಳೆಯ ಫಿಲ್ಟರನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ಕುಟ್ಟಿ ನೋಡಿ. ಬೆಂಗಳೂರಿನಲ್ಲಿ ಗುಲ್‌ಮೊಹರ್, ಜಕರಂಡ ಮರಗಳ ಕೆಳಗೆ ನಿಲ್ಲುವ ಕಾರಾದರೆ ಮಡಿಕೆಗಳ ನಡುವಿನಿಂದ ಅವುಗಳ ಪುಟ್ಟ ಎಲೆಗಳು ಉದುರುತ್ತವೆ. ವೈಪರ್ ಕೆಳಗಿನ ಜಾಲರಿಯ ಕಂಡಿಯಲ್ಲಿ ನುಸುಳುವಷ್ಟು ಸಣ್ಣವು ಅವು, ಒಳಗೆ ಸೇರಿ ಒದ್ದೆಯಾಗಿ ಕೊಳೆಯುತ್ತವೆ. ಫಿಲ್ಟರಿನ ಅಂಚಿನಲ್ಲಿ ಕಂದು ಗೆರೆಯ ನೀರಿನ ಕಲೆ ಇದ್ದರೆ ಆ ಜಾಲರಿಯಿಂದಲೇ ಮಳೆನೀರು ಇಳಿಯುತ್ತಿದೆ ಎಂದರ್ಥ. ಜಾಲರಿ ತೆಗೆಸಿ ಅಡಿಯ ಕಾಲುವೆ, ಅದರ ಎರಡು ತುದಿಯ ತೂತುಗಳನ್ನು ಚೊಕ್ಕಟ ಮಾಡಿಸಬೇಕು. ಹಿಕ್ಕೆ, ಕಡಿದ ನೂಲು, ಹತ್ತಿ ಕಂಡರೆ ಇಲಿ ಬಂದು ಹೋಗಿದೆ. ಆಗ ಬರಿಗೈ ಹಾಕಬೇಡಿ. ಮಳೆಗಾಲದಲ್ಲಿ ಇಲಿಜ್ವರ ಕಾಣಿಸಿಕೊಳ್ಳುವ ನಮ್ಮ ಜಿಲ್ಲೆಗಳಲ್ಲಿ ಕೈಗವಸು, ಮಾಸ್ಕ್ ಎರಡೂ ಬೇಕು.

ಫಿಲ್ಟರಿಗೆ ಏರ್ ಹೊಡೆದು ಮತ್ತೆ ಅದನ್ನೇ ಹಾಕುವ ರೂಢಿ ನಮ್ಮಲ್ಲಿ ಬಲವಾಗಿದೆ. ಒಣ ಧೂಳಿನ ಮಟ್ಟಿಗೆ ಅದರಿಂದ ತಾತ್ಕಾಲಿಕ ಪ್ರಯೋಜನ ಇರಬಹುದು. ಒಮ್ಮೆ ನೆನೆದು ಮುಗ್ಗಿದ ಫಿಲ್ಟರಿಗೆ ಇಲ್ಲ. ಧೂಳು ಹಾರಿದರೂ ಎಳೆಗಳೊಳಗೆ ಹೊಕ್ಕ ಬೂಷ್ಟು ಹೋಗದು, ಗಾಳಿಯ ಒತ್ತಡಕ್ಕೆ ಎಳೆಗಳೇ ಹರಿದು ಸೋಸುವ ಗುಣ ಕೆಡುತ್ತದೆ. ಕೆಲವು ನೂರು ರೂಪಾಯಿಯ ವಸ್ತು ಇದು. 10ರಿಂದ 15 ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸುವುದು ಒಳ್ಳೆಯದು. ಕರಾವಳಿಯವರು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಬದಲಿಸಿದರೆ ಹೆಚ್ಚು ಲಾಭ. ಕಾರ್ಬನ್ ಲೇಪದ ಫಿಲ್ಟರ್ ಹಾಕಿದರೆ ವಾಸನೆ ನಿಲ್ಲುತ್ತದೆ ಎಂದು ಅಂಗಡಿಯಲ್ಲಿ ಹೇಳುವುದುಂಟು. ಹೊರಗಿನ ಹೊಗೆ, ಚರಂಡಿ ನಾತ ತಡೆಯಲು ಅದು ನಿಜಕ್ಕೂ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಗಾಳಿ ಮೊದಲು ಫಿಲ್ಟರ್ ದಾಟಿ ನಂತರ ಕಾಯಿಲ್‌ಗೆ ಹೋಗುತ್ತದೆ. ಕಾಯಿಲ್‌ನಲ್ಲಿ ಹುಟ್ಟಿದ ಮುಗ್ಗಲನ್ನು ಅದಕ್ಕಿಂತ ಮೊದಲೇ ಇರುವ ಫಿಲ್ಟರ್ ತಡೆಯುವುದಾದರೂ ಹೇಗೆ? ಕೆಲವು ಹಳೆಯ, ಕೆಳಮಟ್ಟದ ಮಾದರಿಗಳಲ್ಲಿ ಜಾಗವಿದ್ದರೂ ಫಿಲ್ಟರೇ ಇರುವುದಿಲ್ಲ. ಅಂಥ ಕಾರಿಗೆ ಇವತ್ತೇ ಒಂದು ಹಾಕಿಸಿ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಬೆರಳು ಗಾತ್ರದ ಒಂದು ರಬ್ಬರ್ ಕೊಳವೆ. ಕಾಯಿಲ್‌ನಿಂದ ಇಳಿದ ನೀರು ಪೆಟ್ಟಿಗೆಯ ತಳದಲ್ಲಿ ಸೇರಿ ಈ ಡ್ರೈನ್ ಪೈಪಿನ ಮೂಲಕ ಕಾರಿನಡಿ ತೊಟ್ಟಿಕ್ಕಬೇಕು. ಪರೀಕ್ಷೆ ಸುಲಭ: ಸೆಕೆಯ ದಿನ ಹದಿನೈದು ಇಪ್ಪತ್ತು ನಿಮಿಷ ಎಸಿ ಓಡಿಸಿ, ಒಣನೆಲದ ಮೇಲೆ ನಿಲ್ಲಿಸಿ ಇಳಿದು ನೋಡಿ. ಸಾಮಾನ್ಯವಾಗಿ ಎಡ ಮುಂಚಕ್ರದ ಹಿಂಬದಿಯ ಆಸುಪಾಸಿನಲ್ಲಿ ತಿಳಿನೀರು ಬೀಳುತ್ತಿರಬೇಕು. ಕಲಬುರಗಿ, ರಾಯಚೂರಿನ ಒಣ ಬೇಸಗೆಯಲ್ಲಿ ಹನಿ ಕಡಿಮೆ ಬಿದ್ದರೆ ಗಾಬರಿ ಬೇಡ, ಅಲ್ಲಿನ ಗಾಳಿಯಲ್ಲಿ ಅಷ್ಟು ನೀರೇ ಇರುವುದಿಲ್ಲ. ಮಂಗಳೂರಿನ ಜೂನ್‌ನಲ್ಲಿ ನೆಲ ಒಣಗಿಯೇ ಇದ್ದರೆ ಪೈಪ್ ಕಟ್ಟಿದೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ನೀರು ಕುಲುಕಿದ ಸದ್ದು ಕೇಳಿದರೆ ಅನುಮಾನವೇ ಬೇಡ. ಧೂಳು ಲೋಳೆಯ ಜೊತೆ ಸೇರಿ ಕೆಸರಾಗಿ ಕಟ್ಟುವುದು ಸಾಮಾನ್ಯ. ಬಹಳ ದಿನ ನಿಂತ ಕಾರಿನಲ್ಲಿ ಹುಳುಗಳು ಮಣ್ಣಿನ ಗೂಡು ಕಟ್ಟುವುದೂ ಉಂಟು. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಂತೆ ಅಡಿಗೆ ಕೋಟಿಂಗ್ ಹೊಡೆಸುವಾಗ ಪೈಪಿನ ಬಾಯಿ ಮುಚ್ಚಿಹೋಗುವ ಸಾಧ್ಯತೆಯೂ ಇದೆ. ಕೋಟಿಂಗ್ ಮಾಡಿಸಿದ ದಿನವೇ ಒಮ್ಮೆ ಬಗ್ಗಿ ನೋಡಿಕೊಳ್ಳಿ. ಬಿಡಿಸಲು ಬಿರುಸು ತಂತಿ ಬೇಡ, ಕಾಯಿಲ್‌ಗೆ ತೂತು ಬಿದ್ದರೆ ಗ್ಯಾಸೆಲ್ಲ ಹೋಗಿ ಸಾವಿರಾರು ರೂಪಾಯಿ ಖರ್ಚು. ತೋಟದವರ ಮನೆಯಲ್ಲಿರುವ ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೆಲ್ಲಗೆ ಒಳಗೆ ತೂರಿಸಿ ತಿರುಗಿಸಿದರೆ ಕೆಸರು ಸಡಿಲಾಗಿ ನೀರು ಒಮ್ಮೆಲೇ ಇಳಿಯುತ್ತದೆ, ಮುಖ ಪಕ್ಕಕ್ಕಿಟ್ಟುಕೊಳ್ಳಿ.

ಪೈಪ್ ಕಟ್ಟಿದ್ದರೆ ನೀರು ಅಷ್ಟರೊಳಗೆ ಎಡಗಡೆಯ ಕಾರ್ಪೆಟ್ಟಿಗೆ ಇಳಿದಿರುತ್ತದೆ. ಮೇಲೆ ಕೈಯಾಡಿಸಿದರೆ ಗೊತ್ತಾಗದು, ಏಕೆಂದರೆ ನೀರು ಹಿಡಿದಿಡುವುದು ಕಾರ್ಪೆಟ್ಟಿನ ಕೆಳಗಿನ ದಪ್ಪ ಸ್ಪಂಜು. ಹಳೆಯ ದಿನಪತ್ರಿಕೆ ಹಾಸಿ ಅದರ ಮೇಲೆ ಹಿಮ್ಮಡಿಯೂರಿ ನಿಲ್ಲಿ, ಕಾಗದ ಒದ್ದೆಯಾದರೆ ಕಾರ್ಪೆಟ್ ಎತ್ತಲೇಬೇಕು. ಅಂಚು ಅಂಚಿಗೂ ಕೂರುವ ದಪ್ಪ ರಬ್ಬರ್ ಮ್ಯಾಟುಗಳು ನೋಡಲು ಚೆಂದ, ಆದರೆ ಅಡಿಯ ತೇವ ಆರಿಹೋಗಲು ಬಿಡುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅವನ್ನು ಹೊರಗೆ ತೆಗೆದಿಡಿ.

ಫಿಲ್ಟರ್, ಡ್ರೈನ್ ಎರಡೂ ಸರಿಯಾದ ಮೇಲಷ್ಟೇ ಕಾಯಿಲ್ ತೊಳೆಯುವ ಮಾತು. ಕಾರಿನ ಎಸಿ ಕಾಯಿಲ್‌ಗೆಂದೇ ತಯಾರಾದ ನೊರೆಯ ಕ್ಲೀನರ್ ಉದ್ದ ನಳಿಕೆಯ ಜೊತೆ ಸಿಗುತ್ತದೆ. ಫಿಲ್ಟರ್ ತೆಗೆದ ಜಾಗದಿಂದಲೋ ಡ್ರೈನ್ ಪೈಪಿನಿಂದಲೋ, ಬ್ಲೋವರ್ ಮೋಟರಿಗೆ ತಾಗದಂತೆ ನಳಿಕೆಯನ್ನು ಕಾಯಿಲ್ ತನಕ ಒಯ್ದು ನೊರೆ ಬಿಡಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟರೆ ನೊರೆ ಕರಗಿ ಕೊಳೆಯೊಂದಿಗೆ ಕೆಳಗೆ ಇಳಿಯುತ್ತದೆ. ಡ್ರೈನ್ ಮೊದಲು ಬಿಡಿಸಿಕೊಳ್ಳಿ ಎಂದಿದ್ದು ಇದಕ್ಕೇ. ಪೈಪ್ ಕಟ್ಟಿರುವಾಗಲೇ ನೊರೆ ಹೊಡೆದರೆ ಅದೂ ಕೊಳೆಯೂ ಕಾರ್ಪೆಟ್ಟಿಗೇ ಬರುತ್ತವೆ. ಡ್ಯಾಶ್‌ಬೋರ್ಡಿನ ಗಾಳಿ ಕಿಂಡಿಗಳಿಗೆ ಫುಸ್ ಎಂದು ಸ್ಪ್ರೇ ಹೊಡೆದು ಹಣ ಕೇಳುವ ಸೇವೆಗೆ ಒಪ್ಪಬೇಡಿ. ಆ ಕಿಂಡಿಯಿಂದ ಕಾಯಿಲ್ ಬಹಳ ದೂರ, ನಡುವೆ ಹಲವು ತಿರುವುಗಳಿವೆ. ಮನೆಮದ್ದಿನ ವಿಷಯದಲ್ಲೂ ಎಚ್ಚರ ಬೇಕು. ಬ್ಲೀಚ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆವಿಗೆ ಮೋಟರಿನ ಕಿಡಿಯಿಂದ ಬೆಂಕಿ ಹತ್ತಬಹುದು. ಓಝೋನ್ ಯಂತ್ರ ಇಡುವ ಸೇವೆಯೂ ಈಗ ದೊಡ್ಡ ನಗರಗಳಲ್ಲಿ ಸಿಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜನರಿರುವ ಜಾಗದಲ್ಲಿ ಓಝೋನ್ ಯಂತ್ರ ಬಳಸಬೇಡಿ ಎನ್ನುತ್ತದೆ; ಶ್ವಾಸಕೋಶಕ್ಕೆ ಹಾನಿಯಾಗದಷ್ಟು ಕಡಿಮೆ ಪ್ರಮಾಣದಲ್ಲಿ ಅದು ಬೂಷ್ಟು, ವಾಸನೆ ಎರಡಕ್ಕೂ ಅಷ್ಟೇನೂ ಕೆಲಸ ಮಾಡದು ಎಂಬುದೂ ಅದರ ಅಭಿಪ್ರಾಯ. ಹಾಗೊಮ್ಮೆ ಬಳಸಿದರೂ ತೇವ ಉಳಿದಿದ್ದರೆ ಬೂಷ್ಟು ಮರಳುತ್ತದೆ. ಮುಗ್ಗಲಿಗೆಂದು ಎಸಿ ಗ್ಯಾಸ್ ಬದಲಿಸುವ ಅಗತ್ಯವಂತೂ ಇಲ್ಲ. ಗ್ಯಾಸ್ ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ, ನಾವು ಉಸಿರಾಡುವ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲ್ ಹೊರತೆಗೆದು ತೊಳೆಯುವುದು ಕೊನೆಯ ದಾರಿ. ಎರಡು ಸಲ ನೊರೆ ಹೊಡೆದರೂ ಬಗ್ಗದ ಹಳೆಯ ಕಾರಿಗೆ, ಸತ್ತ ಇಲಿ ಸಿಕ್ಕಿಕೊಂಡ ಕಾರಿಗೆ ಮಾತ್ರ ಅದು ಸರಿ.

ತೊಳೆದದ್ದು ಉಳಿಯಬೇಕಾದರೆ ದಿನವೂ ಒಣಗಿಸಬೇಕು. ಊರು ಸೇರಲು ನಾಲ್ಕೈದು ನಿಮಿಷ ಇರುವಾಗ ಎಸಿ ಗುಂಡಿ ಆರಿಸಿ, ಹೊರಗಾಳಿ ಬರುವಂತೆ ಮಾಡಿ, ಬ್ಲೋವರ್ ಜೋರಾಗಿ ಬಿಡಿ. ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ನ್ಯಾಯವಾದವೇ. ಕರಾವಳಿಯ ಸೆಕೆಯಲ್ಲಿ ಐದು ನಿಮಿಷ ಎಸಿ ಇಲ್ಲದೆ ಕೂರುವುದು ಕಷ್ಟ ಎನ್ನುತ್ತಾರೆ. ಹಾಗಾದರೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ, ಕೀಲಿ ಆನ್ ಇಟ್ಟು, ಸಾಮಾನು ಇಳಿಸುವಷ್ಟು ಹೊತ್ತು ಬ್ಲೋವರ್ ಬಿಡಬಹುದು. ಬ್ಯಾಟರಿ ಇಳಿಯುತ್ತದೆ ಎಂಬ ಭಯಕ್ಕೆ ಲೆಕ್ಕವೇ ಉತ್ತರ: ಬ್ಲೋವರ್ 15 ಆಂಪಿಯರ್ ಎಳೆದರೂ ಐದು ನಿಮಿಷಕ್ಕೆ ಆಗುವುದು 1.25 ಆಂಪಿಯರ್-ಅವರ್, ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್‌ನದ್ದು. ಈಗಾಗಲೇ ಸೋತ ಬ್ಯಾಟರಿಯಾದರೆ ಬೇಡ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಜೋರು ಮಳೆಯಲ್ಲಿ ಎಸಿ ಆರಿಸಿದರೆ ಕಾಯಿಲ್ ಮೇಲಿನ ನೀರು ಆವಿಯಾಗಿ ಬಂದು ಮುಂದಿನ ಗಾಜು ಮಂಜಾಗುತ್ತದೆ. ಇದು ಸಂಪೂರ್ಣ ನಿಜ. ಘಾಟಿಯಲ್ಲಿ, ಹೆದ್ದಾರಿಯಲ್ಲಿ, ಮಳೆ ಬೀಳುವಾಗ ಎಸಿ ಆರಿಸಬೇಡಿ. ರಸ್ತೆ ಕಾಣುವುದು ಮೂಗಿನ ನೆಮ್ಮದಿಗಿಂತ ದೊಡ್ಡದು. ಒಣಗಿಸುವ ಕೆಲಸ ಮನೆಯ ಮುಂದೆ ನಿಲ್ಲಿಸಿದ ಮೇಲಿರಲಿ. ಗಾಳಿಯೇ ಒದ್ದೆಯಾಗಿರುವಾಗ ಒಣಗುವುದಾದರೂ ಹೇಗೆ ಎಂದೂ ಕೇಳಬಹುದು. ಆಗುಂಬೆಯ ಜುಲೈನಲ್ಲಿ ಪೂರ್ತಿ ಒಣಗದು, ಒಪ್ಪೋಣ. ಆದರೆ ತೊಟ್ಟಿಕ್ಕುವ ನೀರು ಇಳಿದು, ಕಾಯಿಲ್ ಹೊರಗಿನ ಬಿಸಿಗೆ ಬಂದು, ಬೆವರುವುದನ್ನು ನಿಲ್ಲಿಸಿದರೂ ಬೂಷ್ಟಿನ ವೇಗ ತಗ್ಗುತ್ತದೆ. ಉಳಿದದ್ದಕ್ಕೆ ಮಳೆ ಬಿಡುವು ಕೊಟ್ಟ ದಿನ ಹೀಟರ್ ಇದೆ. ಇಲ್ಲೊಂದು ಸೂಕ್ಷ್ಮವಿದೆ: ಹೆಚ್ಚಿನ ಕಾರುಗಳಲ್ಲಿ ಗಾಳಿ ಕಾಯಿಲ್ ದಾಟಿದ ನಂತರವಷ್ಟೇ ಹೀಟರಿಗೆ ಹೋಗುತ್ತದೆ. ಹೊರಗಾಳಿಯಲ್ಲಿ ಹೀಟರ್ ಹಾಕಿದರೆ ಬಿಸಿ ಕಾಯಿಲ್‌ಗೆ ತಾಗುವುದೇ ಇಲ್ಲ. ಒಳಗಾಳಿ ಸುತ್ತುವ ಗುಂಡಿ ಒತ್ತಿ, ಕಿಟಕಿ ಎರಡು ಬೆರಳು ಇಳಿಸಿ ಹತ್ತು ನಿಮಿಷ ಹೀಟರ್ ಓಡಿಸಿದರೆ ಬಿಸಿಗಾಳಿ ತಿರುಗಿ ಕಾಯಿಲ್ ಮೂಲಕ ಹಾಯುತ್ತದೆ. ಆಮೇಲೆ ಕಿಟಕಿ ಪೂರ್ತಿ ತೆಗೆದು ಹೊರಗಾಳಿಗೆ ಬದಲಿಸಿ. ಇದನ್ನು ಬಯಲಲ್ಲಿ ಮಾತ್ರ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಸಂಚಕಾರ.

ಒಣಗಿಸುವುದೇ ಮದ್ದು ಎಂಬುದಕ್ಕೆ ಕಾರು ತಯಾರಕರೇ ಪುರಾವೆ ಕೊಟ್ಟಿದ್ದಾರೆ. ಈಚಿನ ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಬ್ಲೋವರ್ ತಾನಾಗಿಯೇ ತಿರುಗಿ ಕಾಯಿಲ್ ಒಣಗಿಸುವ ವ್ಯವಸ್ಥೆಯಿದೆ. ಅಂಥ ಸೌಲಭ್ಯ ನಿಮ್ಮ ಕಾರಿನಲ್ಲಿದೆಯೇ ಎಂದು ಕೈಪಿಡಿಯಲ್ಲಿ ನೋಡಿ, ಆಫ್ ಆಗಿದ್ದರೆ ಆನ್ ಮಾಡಿಸಿ. ಹೊರಗಾಳಿ ಬಿಟ್ಟರೆ ಬೆಂಗಳೂರಿನ ಟ್ರಾಫಿಕ್ ಹೊಗೆಯೆಲ್ಲ ಒಳಗೆ ಬರುತ್ತದೆ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಿಗ್ನಲ್‌ನಲ್ಲಿ, ಲಾರಿಯ ಹಿಂದೆ ಒಳಗಾಳಿಯೇ ಸರಿ. ದಿನವಿಡೀ, ತಿಂಗಳುಗಟ್ಟಲೆ ಅದೇ ಗುಂಡಿಯ ಮೇಲಿಟ್ಟು ನಮ್ಮ ಉಸಿರಿನ ತೇವವನ್ನೇ ಸುತ್ತಿಸುವುದು ತಪ್ಪು. ದಾರಿ ತೆರವಾದಾಗ ಬದಲಿಸಲು ಒಂದು ಬೆರಳು ಸಾಕು.

ಪರ್ಫ್ಯೂಮಿನ ಬಗ್ಗೆ ಇನ್ನೊಂದು ಮಾತು, ಹಳೆಯ ಕಾರು ಕೊಳ್ಳುವವರಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಸುತ್ತಮುತ್ತ ನೀರು ನುಗ್ಗಿ ಬಹಳಷ್ಟು ಕಾರುಗಳು ಮುಳುಗಿದವು. ಹಾಗೆ ಮುಳುಗಿದ ಕಾರು ಎಲ್ಲಿ ಬೇಕಾದರೂ ಮಾರಾಟಕ್ಕೆ ಬರಬಹುದು. ನೋಡಲು ಹೋದ ಕಾರಿನಲ್ಲಿ ಪರಿಮಳ ತೀರಾ ಗಾಢವಾಗಿದ್ದರೆ ಡಬ್ಬಿ ಹೊರಗಿಡಲು ಹೇಳಿ, ಗಾಜು ಮುಚ್ಚಿ ಅರ್ಧ ಗಂಟೆ ಬಿಸಿಲಿಗೆ ಬಿಡಿಸಿ, ಆಮೇಲೆ ಬಾಗಿಲು ತೆರೆದು ಮೂಸಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ಎಂದೂ ಗಮನಿಸಿ.

ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಎಸಿ ಔಷಧದ ಬಾಬತ್ತು ಸೇರಿಸುವ ಮುನ್ನ ಎರಡೇ ಪ್ರಶ್ನೆ ಕೇಳಿ: ಡ್ರೈನ್ ಪೈಪಿನಿಂದ ನೀರು ಬೀಳುವುದನ್ನು ತೋರಿಸುತ್ತೀರಾ, ಔಷಧವನ್ನು ಕಾಯಿಲ್ ತನಕ ಯಾವ ದಾರಿಯಲ್ಲಿ ಒಯ್ಯುತ್ತೀರಿ? ಸರಿಯಾದ ಉತ್ತರ ಸಿಗದಿದ್ದರೆ ಆ ಹಣ ಉಳಿಸಿ, ಹೊಸ ಫಿಲ್ಟರ್ ಕೊಂಡು ನೀವೇ ಹಾಕಿ.